ಓದುಗರ ಪ್ರಶ್ನೆ: ವೈರಸ್ಸಿನ ಜೀನ್ ಆಫ್ ಮಾಡ್ಲಿಕ್ಕೆ ಪ್ರೋಟೀನುಗಳು ಒಂದಕ್ಕೊಂದು ಯಾಕೆ ಹಿಡ್ಕೊಳ್ಬೇಕು?

ಪ್ರಶ್ನೆ: ಲ್ಯಾಂಬ್ಡಾ ಫೇಜ್ ಪಾಠದಲ್ಲಿ ರಿಪ್ರೆಸರ್ (ಜೀನ್ ಆಫ್ ಮಾಡೋ ಪ್ರೋಟೀನು) ಡಿಎನ್‌ಎ ಮೇಲೆ ಕೋಆಪರೇಟಿವ್ ಆಗಿ, ಅಂದ್ರೆ ಒಂದಕ್ಕೊಂದು ಹಿಡ್ಕೊಂಡು ಕೂತ್ಕೊಳ್ತದೆ ಅಂತ ಉಂಟು. ಒಂದೇ ಬಂದು ಗಟ್ಟಿ ಕೂತ್ರೆ ಸಾಕಲ್ವಾ ಸರ್? ಪರೀಕ್ಷೆ ಬಿಟ್ರೆ ಇದ್ರಿಂದ ಎಂತ ಉಪಯೋಗ?
- ಬಿ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ

ಉತ್ತರ: ಗಟ್ಟಿ ಕೂತ್ರೆ ಮಾತ್ರ ಸಾಕಾಗುದಿಲ್ಲ, ಟೈಮ್ ಬಂದಾಗ ಪಟಕ್ಕನೆ ಏಳ್ಲಿಕ್ಕೂ ಆಗ್ಬೇಕು, ಇಡೀ ವಿಷಯ ಇರೋದೇ ಅಲ್ಲಿ.

ಲ್ಯಾಂಬ್ಡಾ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸು, ಒಳಗೆ ಹೋದ್ಮೇಲೆ ಒಂದೋ ಅದನ್ನು ಒಡೆದು ಹೊರಗೆ ಬರ್ತದೆ, ಇಲ್ಲಾಂದ್ರೆ ಅದರ ಡಿಎನ್‌ಎಯಲ್ಲೇ ಸೇರ್ಕೊಂಡು ತಲೆಮಾರುಗಟ್ಟಲೆ ಸುಮ್ನೆ ಇರ್ತದೆ. ಹಾಗೆ ಸುಮ್ನೆ ಇರಿಸೋದು ಸಿಐ ಅನ್ನೋ ರಿಪ್ರೆಸರ್, 1967ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಕ್ ಟಾಶ್ನೆ ಬೇರ್ಪಡಿಸಿ ತೋರಿಸಿದ್ದು. ಎರಡು ಸಿಐ ಸೇರಿದ್ರೆ ಒಂದು ಡೈಮರ್. ಅದು ಕೂರೋ ಜಾಗ ಓಆರ್1, ಓಆರ್2, ಓಆರ್3 ಅಂತ ಮೂರು ಒತ್ತೊತ್ತಿಗೆ ಉಂಟು. ಓಆರ್1ಕ್ಕೆ ಚೆನ್ನಾಗಿ ಅಂಟ್ತದೆ, ಓಆರ್2ಕ್ಕೆ ಅದರಷ್ಟಕ್ಕೇ ಅಂಟೋದು ಸ್ವಲ್ಪ ಕಷ್ಟ. ಸಿಟಿ ಬಸ್ಸಿನ ಫುಟ್‌ಬೋರ್ಡಲ್ಲಿ ನಿಂತವ ಕೆಳಗಿದ್ದವನನ್ನು ಕೈ ಹಿಡಿದು ಮೇಲೆಳ್ಕೊಳ್ತಾನಲ್ಲ, ಹಾಗೆ ಓಆರ್1ರಲ್ಲಿ ಕೂತ ಡೈಮರ್ ಪಕ್ಕದ್ದನ್ನು ಹಿಡ್ಕೊಳ್ತದೆ. ಓಆರ್2ರಲ್ಲಿ ಕೂತದ್ದು ಜೀನನ್ನು ಓದೋ ಆರ್‌ಎನ್‌ಎ ಪಾಲಿಮರೇಸ್ ಅನ್ನೋ ಕಿಣ್ವವನ್ನು ಮುಟ್ಟಿ ಸಿಐ ಜೀನನ್ನೇ ಜಾಸ್ತಿ ಓಡಿಸ್ತದೆ, ಸಿಐ ವಿಪರೀತ ಆದ್ರೆ ಓಆರ್3ಕ್ಕೂ ಕೂತು ಅದೇ ಜೀನನ್ನು ಬಂದ್ ಮಾಡ್ತದೆ. ಇಷ್ಟು ಚೂರು ಜಾಗದಲ್ಲಿ ಇಷ್ಟು ಲೆಕ್ಕಾಚಾರ ನೋಡಿ! ಅದೂ ಸಾಲದು ಅಂತ ಸುಮಾರು 2,400 ಬೇಸ್ ಜೋಡಿ ದೂರದಲ್ಲಿ ಎಡಗಡೆ ಆಪರೇಟರ್ ಅಂತ ಸಿಐ ಕೂರೋ ಇನ್ನೊಂದು ಜಾಗ ಉಂಟು, ಮಧ್ಯದ ಡಿಎನ್‌ಎ ಬಾಗಿ ಎರಡೂ ಕಡೆಯ ಡೈಮರ್‌ಗಳು ಸೇರಿ ಎಂಟು ಸಿಐಗಳ ಗುಂಪು ಆಗ್ತದೆ.

ಈಗ ಯಾಕೆ ಅಂತ. ಒಂದೊಂದೇ ಪ್ರೋಟೀನು ಬಂದು ಒಂದೊಂದೇ ಜಾಗದಲ್ಲಿ ಕೂರೋದಾದ್ರೆ ಆ ಜಾಗ ಶೇ. 10ರಿಂದ ಶೇ. 90 ತುಂಬ್ಲಿಕ್ಕೆ ಪ್ರೋಟೀನು 81 ಪಟ್ಟು ಏರ್ಬೇಕು. ಒಂದಕ್ಕೊಂದು ಎಷ್ಟು ಹಿಡ್ಕೊಳ್ತವೆ ಅಂತ ತೋರಿಸೋ ಹಿಲ್ ಸಂಖ್ಯೆ 2 ಆದ್ರೆ 9 ಪಟ್ಟು, 4 ಆದ್ರೆ ಬರೀ 3 ಪಟ್ಟು ಸಾಕು. ಇಳಿಯುವಾಗ್ಲೂ ಇದೇ ಲೆಕ್ಕ. ಅಂದ್ರೆ ಸಿಐ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಎಂತ ಆಗುದಿಲ್ಲ, ಆದ್ರೆ ಒಂದು ಮಟ್ಟದಿಂದ ಕೆಳಗೆ ಹೋಯ್ತಾ, ಎಲ್ಲ ಒಟ್ಟಿಗೇ ಬಿಟ್ಟುಕೊಳ್ತವೆ. ಯುವಿ ಬೆಳಕು ಬಿದ್ದು ಬ್ಯಾಕ್ಟೀರಿಯಾದ ಡಿಎನ್‌ಎ ಹಾಳಾದಾಗ ಆಗೋದು ಇದೇ, ರೆಕ್‌ಎ ಪ್ರೋಟೀನಿನ ಪ್ರಚೋದನೆಯಿಂದ ಸಿಐ ತನ್ನನ್ನೇ ತುಂಡು ಮಾಡ್ಕೊಳ್ತದೆ, ಆಮೇಲೆ ಕ್ರೋ ಅನ್ನೋ ಇನ್ನೊಂದು ಪ್ರೋಟೀನು ಓಆರ್3ರಲ್ಲಿ ಕೂತು ಸಿಐ ಜೀನು ಪುನಃ ಶುರುವಾಗದ ಹಾಗೆ ಮಾಡ್ತದೆ.

ಉಪಯೋಗ ಕೇಳಿದ್ರಲ್ಲ. ರಕ್ತಭೇದಿ ತರಿಸೋ ಕೆಲವು ಇ. ಕೋಲಿಗಳ ಶಿಗಾ ಟಾಕ್ಸಿನ್ ಜೀನು ಇರೋದು ಲ್ಯಾಂಬ್ಡಾದ ಹತ್ತಿರದ ಸಂಬಂಧಿ ಫೇಜ್‌ಗಳಲ್ಲಿ. ಡಿಎನ್‌ಎಗೆ ಪೆಟ್ಟು ಕೊಡೋ ಆ್ಯಂಟಿಬಯಾಟಿಕ್ ಬಿದ್ರೆ ಈ ಸ್ವಿಚ್ಚೇ ತಿರುಗಿ ವಿಷ ಜಾಸ್ತಿ ಹೊರಗೆ ಬರಬಹುದು, ಅದಕ್ಕೇ ಈ ಸೋಂಕು ಅಂತ ಅನುಮಾನ ಇದ್ದಾಗ ಡಾಕ್ಟರುಗಳು ಆ್ಯಂಟಿಬಯಾಟಿಕ್ ಬರೆಯೋ ಮೊದ್ಲು ಹಿಂದೆಮುಂದೆ ನೋಡೋದು. ಭೇದಿ ಶುರುವಾದ ಕೂಡ್ಲೆ ಮೆಡಿಕಲ್‌ಗೆ ಹೋಗಿ ನಾವೇ ಮಾತ್ರೆ ತಗೊಳ್ಳೋದು ಬೇಡ ಅಂತ ನಾನು ಹೇಳೋದಕ್ಕೆ ಇದೂ ಒಂದು ಕಾರಣ.