ಓಟದ ಕುದುರೆಗೆ ಎಂಥ ಟ್ರೈನರ್ ಬೇಕು?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಎರಡು ವರ್ಷದ ಹೆಣ್ಣು ಕುದುರೆ ಕೊಳ್ಳುತ್ತಿದ್ದೇವೆ. ಬೆಂಗಳೂರಿನಲ್ಲಿ ಜಾಸ್ತಿ ರೇಸ್ ಗೆದ್ದ ಟ್ರೈನರ್‌ಗೇ ಕೊಡಬೇಕಾ?
– ಓದುಗರೊಬ್ಬರು, ಮೈಸೂರು

ಉತ್ತರ: ಗೆಲುವಿನ ಪಟ್ಟಿ ಒಂದನ್ನೇ ನಂಬಬೇಡಿ. ದೊಡ್ಡ ಲಾಯದಲ್ಲಿ ಕುದುರೆಗಳೂ ಜಾಸ್ತಿ, ಗೆಲುವೂ ಜಾಸ್ತಿ ಅಲ್ವಾ? ಎಷ್ಟು ಸಲ ಓಡಿಸಿ ಎಷ್ಟು ಗೆದ್ದರು, ಎರಡು ವರ್ಷಕ್ಕೆ ಬಂದ ಕುದುರೆಗಳು ಅವರ ಕೈಯಲ್ಲಿ ನಾಲ್ಕು ವರ್ಷವಾದಾಗಲೂ ಓಡುತ್ತಿವೆಯಾ ಅನ್ನೋದನ್ನು ನೋಡಿ. ಯಾಕೆಂದರೆ ಎರಡು ವರ್ಷದ ವಯಸ್ಸಿನಲ್ಲಿ ಮೂಳೆ ಇನ್ನೂ ಬಲಿತಿರುವುದಿಲ್ಲ, ಅವಸರಪಟ್ಟು ಜೋರಾಗಿ ಓಡಿಸಿದರೆ ಮುಂಗಾಲಿನ ಮೂಳೆಗೆ ನೋವು ಬಂದು ವಾರಗಟ್ಟಲೆ ಸುಮ್ನೆ ನಿಲ್ಲಿಸಬೇಕಾಗುತ್ತದೆ. "ಇದಿನ್ನೂ ರೆಡಿ ಇಲ್ಲ, ಕಾಯೋಣ" ಅಂತ ಮಾಲೀಕರ ಮುಖಕ್ಕೇ ಹೇಳುವವರನ್ನು ನಾನಂತೂ ಮೊದಲು ಆರಿಸುತ್ತೇನೆ.

ಬೆಳಗಿನ ಜಾವದ ಅಭ್ಯಾಸಕ್ಕೆ ಅನುಮತಿ ಕೇಳಿ ಹೋಗಿ. ಟ್ರೈನರ್ ಖುದ್ದಾಗಿ ಬಂದು ಕಾಲು ಮುಟ್ಟಿ ನೋಡುತ್ತಾರಾ? ಒಬ್ಬ ಸೈಸ್‌ಗೆ (ಕುದುರೆಯ ಆರೈಕೆ ಮಾಡುವ ಆಳು) ಎಷ್ಟು ಕುದುರೆ? ಲಾಯ ಒಣಗಿದೆಯಾ?

ತಿಂಗಳ ಖರ್ಚಿನಲ್ಲಿ ಲಾಳ, ಡಾಕ್ಟರ್, ಔಷಧಿ ಸೇರಿದೆಯಾ ಅಂತ ಮೊದಲೇ ಬರೆಸಿಕೊಳ್ಳಿ. ಟ್ರೈನರ್‌ಗೆ ರೇಸ್ ನಡೆಸುವ ಟರ್ಫ್ ಕ್ಲಬ್ಬಿನ ಲೈಸೆನ್ಸ್ ಇರಲೇಬೇಕು. ಮಾಲೀಕರಾಗಿ ನೀವು ಮೂವರೂ ಕ್ಲಬ್ಬಿನಲ್ಲಿ ನೋಂದಾಯಿಸಿಕೊಳ್ಳಬೇಕು, ಆ ಕೆಲಸ ಈಗಲೇ ಶುರು ಮಾಡಿ.