ಹತ್ತು ಕೆ.ಜಿ. ಇಳಿಸಿದರೆ ಸಿಪ್ಯಾಪ್ ಯಂತ್ರ ಬೇಡವೇ?

ಪ್ರಶ್ನೆ: ವಿರಾಜಪೇಟೆಯ ಬಳಿ ನಮ್ಮ ಕಾಫಿ ತೋಟವಿದೆ. ನನ್ನ ಪತಿಗೆ 49 ವರ್ಷ. ಎತ್ತರ 172 ಸೆಂ.ಮೀ., ತೂಕ 98 ಕೆ.ಜಿ. ಜೋರಾಗಿ ಗೊರಕೆ ಹೊಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಉಸಿರುಕಟ್ಟಿ ಎದ್ದು ಕೂರುತ್ತಾರೆ. ರಕ್ತದೊತ್ತಡಕ್ಕೆ ಎರಡು ಮಾತ್ರೆ ನುಂಗುತ್ತಾರೆ. ಮೈಸೂರಿನಲ್ಲಿ ನಿದ್ರೆಯ ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ), ಗಂಟೆಗೆ 34 ಸಲ ಎಂದು ಬಂತು. ಮಲಗುವಾಗ ಕೊಳವೆ ಮತ್ತು ಮುಖವಾಡದ ಮೂಲಕ ಗಾಳಿಯೂದುವ ಸಿಪ್ಯಾಪ್ ಯಂತ್ರ ಬಳಸಲು ವೈದ್ಯರು ಹೇಳಿದ್ದಾರೆ. ಇವರು ಮಾತ್ರ, ಹತ್ತು ಕೆ.ಜಿ. ಇಳಿಸಿದರೆ ಯಂತ್ರವೇ ಬೇಡ ಎನ್ನುತ್ತಾರೆ. ಇದು ಸರಿಯೇ?

ಉತ್ತರ: ತೂಕ ಇಳಿಸುವ ನಿರ್ಧಾರ ಸರಿ, ಅದಕ್ಕಾಗಿ ಯಂತ್ರವನ್ನು ದೂರವಿಡುವುದು ತಪ್ಪು.

ಗಂಟೆಗೆ 34 ಎಂದರೆ, ನಿದ್ರೆಯಲ್ಲಿ ಗಂಟಲಿನ ದಾರಿ ಪೂರ್ತಿಯಾಗಿಯೋ ಅರೆಬರೆಯಾಗಿಯೋ ಮುಚ್ಚಿಕೊಂಡು, ಪ್ರತಿ ಸಲವೂ ಕನಿಷ್ಠ 10 ಸೆಕೆಂಡು ಉಸಿರಾಟಕ್ಕೆ ಅಡ್ಡಿಯಾಗುತ್ತಿದೆ ಎಂದರ್ಥ. ಈ ಸಂಖ್ಯೆ 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, ಅದನ್ನು ದಾಟಿದರೆ ತೀವ್ರ. ಕೊಬ್ಬು ಹೊಟ್ಟೆಯಲ್ಲಷ್ಟೇ ಅಲ್ಲ, ಕತ್ತಿನ ಸುತ್ತ ಮತ್ತು ನಾಲಿಗೆಯ ಒಳಗೂ ಸೇರಿಕೊಳ್ಳುತ್ತದೆ. ಅಂಗಾತ ಮಲಗಿದಾಗ ಆ ಭಾರದ ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಅಡ್ಡಗಟ್ಟುತ್ತದೆ. ತೂಕ ಇಳಿದವರ ಆಪ್ನಿಯಾ ಸುಧಾರಿಸಲು ನಾಲಿಗೆಯ ಕೊಬ್ಬು ಕರಗುವುದೇ ಮುಖ್ಯ ಕಾರಣವೆಂದು 2020ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಎಂಆರ್‌ಐ ಚಿತ್ರಗಳಿಂದ ತೋರಿಸಿದರು.

ಇನ್ನು ಹತ್ತು ಕೆ.ಜಿ.ಯ ಲೆಕ್ಕ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 690 ಮಂದಿಯನ್ನು ನಾಲ್ಕು ವರ್ಷಗಳ ಅಂತರದಲ್ಲಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೂಕ ಶೇ 10ರಷ್ಟು ಇಳಿದರೆ ಈ ಸಂಖ್ಯೆ ಸುಮಾರು ಶೇ 26ರಷ್ಟು ತಗ್ಗುತ್ತದೆ. ಅಷ್ಟೇ ತೂಕ ಏರಿದರೆ ಶೇ 32ರಷ್ಟು ಹೆಚ್ಚುತ್ತದೆ. ಇದು ಸರಾಸರಿಯ ಮಾತು, ಒಬ್ಬೊಬ್ಬರ ದೇಹ ಒಂದೊಂದು ರೀತಿ. ಆದರೂ ಆ ಅಳತೆಯಲ್ಲಿ ನಿಮ್ಮ ಪತಿಯ 34 ಇಳಿದು 25ರ ಆಸುಪಾಸಿಗೆ ಬಂದೀತು. ತೀವ್ರದಿಂದ ಮಧ್ಯಮಕ್ಕೆ ಇಳಿದದ್ದು ದೊಡ್ಡ ಲಾಭವೇ, ಆದರೆ ಅದು ಯಂತ್ರ ಬಿಡುವ ಮಟ್ಟವಲ್ಲ. ದವಡೆಯ ರಚನೆಯೇ ಕಿರಿದಾಗಿದ್ದರೆ ಎಷ್ಟು ಇಳಿಸಿದರೂ ಸ್ವಲ್ಪ ತೊಂದರೆ ಉಳಿಯುತ್ತದೆ.

ಹಾಗೆಂದು ಯಂತ್ರವೊಂದೇ ಸಾಲದು. ಅದು ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುತ್ತದೆಯೇ ಹೊರತು ಒಂದು ಗ್ರಾಂ ಕೊಬ್ಬನ್ನೂ ಕರಗಿಸುವುದಿಲ್ಲ. ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು), ಯಕೃತ್ತಿನ ಕೊಬ್ಬು, ಮಂಡಿನೋವು ಇವೆಲ್ಲ ತಗ್ಗುವುದು ತೂಕ ಇಳಿದಾಗಲೇ. ರಕ್ತದೊತ್ತಡಕ್ಕಂತೂ ಎರಡೂ ಬೇಕು. ರಾತ್ರಿಯಿಡೀ ಆಮ್ಲಜನಕ ಕುಸಿದು ದೇಹ ಬೆಚ್ಚಿಬೀಳುತ್ತಿದ್ದರೆ ಮಾತ್ರೆಗಳು ಎಷ್ಟೆಂದು ಕೆಲಸ ಮಾಡಿಯಾವು? ಹಗಲಿನ ತೂಕಡಿಕೆ ಕಳೆದರೆ ನಡೆಯುವ ಹುರುಪೂ ಬರುತ್ತದೆ. ಆದ್ದರಿಂದ ಯಂತ್ರ ಇಂದಿನಿಂದಲೇ ಇರಲಿ, ತೂಕ ಆರೇಳು ತಿಂಗಳಲ್ಲಿ ನಿಧಾನವಾಗಿ ಇಳಿಯಲಿ.

ಊಟದಲ್ಲಿ ಪಂದಿಕರಿಯನ್ನು ಬಿಟ್ಟೇಬಿಡಿ ಎಂದರೆ ಯಾರೂ ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. ಆರು ಕಡಂಬುಟ್ಟು ತಿನ್ನುವವರು ಮೂರಕ್ಕೆ ಇಳಿಸಲಿ, ಕೊಬ್ಬಿನ ತುಂಡುಗಳನ್ನು ಬದಿಗಿಟ್ಟು ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿ ಹಾಕಿಸಿಕೊಳ್ಳಲಿ. ದಿನಕ್ಕೆ ನಾಲ್ಕು ಸಲ ಬೆಲ್ಲದ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಆ ಬೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಸಂಜೆಯ ಮದ್ಯವನ್ನು ನಿಲ್ಲಿಸುವುದೇ ಒಳ್ಳೆಯದು, ಏಕೆಂದರೆ ಅದು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಜೀಪಿನಲ್ಲಿ ತೋಟ ಸುತ್ತುವುದು ವ್ಯಾಯಾಮವಲ್ಲ. ಅದೇ ಸುತ್ತನ್ನು ನಡೆದು ಮುಗಿಸಲಿ. ಥೈರಾಯ್ಡ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ.

ಮಳೆಗಾಲದಲ್ಲಿ ನಿಮ್ಮಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲವಾದ್ದರಿಂದ ಯಂತ್ರಕ್ಕೆ ಹೊಂದುವ ಬ್ಯಾಟರಿಯ ಬಗ್ಗೆ ಕೊಳ್ಳುವಾಗಲೇ ವಿಚಾರಿಸಿ. ಚಳಿಗೆ ಕೊಳವೆಯೊಳಗೆ ನೀರು ಕಟ್ಟಿ ಮುಖಕ್ಕೆ ತೊಟ್ಟಿಕ್ಕಿದರೆ ಹೆದರಬೇಡಿ. ಬಿಸಿಯಾಗುವ ಕೊಳವೆ ಹಾಕಿಸಿದರೆ ಸರಿಹೋಗುತ್ತದೆ. ತೂಕ ಹತ್ತು ಕೆ.ಜಿ. ಇಳಿದ ಮೇಲೆ ನಿದ್ರೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಆ ವರದಿಯನ್ನು ನೋಡಿ ವೈದ್ಯರು ಯಂತ್ರದ ಬಗ್ಗೆ ತೀರ್ಮಾನಿಸಲಿ. ಅಲ್ಲಿಯವರೆಗೆ, ಹಗಲಲ್ಲಿ ತೂಕಡಿಕೆ ಇರುವಷ್ಟು ದಿನ, ಸಂಪಾಜೆ ಘಾಟಿಯಲ್ಲಿ ಅವರ ಕೈಗೆ ಸ್ಟೀರಿಂಗ್ ಕೊಡಬೇಡಿ.