ಪೀರಿಯಡ್ಸ್ ಸರಿಯಾಗಿ ಬರ್ತಿಲ್ಲ, ಮಗುಗೆ ಟ್ರೈ ಮಾಡ್ತಿದೀವಿ. ಮೊದಲು ರೆಗ್ಯುಲರ್ ಮಾಡ್ಕೋಬೇಕಾ, ಇಲ್ಲ ನೇರ ಐವಿಎಫ್ ಸೆಂಟರ್‌ಗೆ ಹೋಗ್ಬೇಕಾ?

ಎರಡೂ ಬೇಡ ರೀ. 50-60 ದಿನಕ್ಕೊಂದ್ಸಲ ಡೇಟ್ ಆಗುತ್ತೆ, ಅತ್ತೆ ಮನೆಮದ್ದು ಅಂತಾರೆ, ಫ್ರೆಂಡ್ ಐವಿಎಫ್ ಅಂತಾಳೆ ಅಂತ ಬರ್ದಿದೀರಲ್ಲ, ಮದುವೆಯಾದ ಹೊಸದ್ರಲ್ಲಿ ದಾವಣಗೆರೆಯಲ್ಲಿ ನಂದೂ ಇದೇ ಕತೆ. ನಮ್ಮತ್ತೆ ಎಳ್ಳು ಬೆಲ್ಲ, ಪಪ್ಪಾಯಿ ಎಲ್ಲಾ ತಿನ್ಸಿ ಸಾಕಾಗಿ ಪಕ್ಕದ ಬೀದಿ ಡಾಕ್ಟರ್ ಹತ್ರ ಕರ್ಕೊಂಡೋದ್ರು, ಅವರು ಮುಟ್ಟಾಗೋ ಮಾತ್ರೆ ಬರೆದ್ರು, ತಗೊಂಡು ನಿಲ್ಸಿದ ಮೂರ್ನಾಲ್ಕು ದಿನಕ್ಕೆ ಸರಿಯಾಗಿ ಆಯ್ತು. ಆಮೇಲೆ ಡಾಕ್ಟರ್ ಹತ್ರ ಹೋಗೋದೂ ಬಿಟ್ವಿ, ಹಳೇ ಚೀಟಿ ತೋರ್ಸಿದ್ರೆ ಮೆಡಿಕಲ್ ಶಾಪಲ್ಲೇ ಕೊಡ್ತಿದ್ರು. ಕ್ಯಾಲೆಂಡರ್ ಮೇಲೆ ತಿಂಗಳು ತಿಂಗಳು ಪೆನ್ನಿನ ಗುರುತು, ಮನೆಯವರಿಗೆಲ್ಲ ಸಮಾಧಾನ.

ಏನೂ ಸರಿ ಹೋಗಿರ್ಲಿಲ್ಲ. ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ನಮ್ಮ ವರ್ಷಗಳನ್ನ ತಿಂದಿದ್ದು ಇದೊಂದೇ. ಆ ಮಾತ್ರೆಯಲ್ಲಿರೋದು ಪ್ರೊಜೆಸ್ಟರಾನ್ ತರದ ಹಾರ್ಮೋನು, ಕೆಲವು ದಿನ ತಗೊಂಡು ನಿಲ್ಸಿದ್ರೆ ಗರ್ಭಕೋಶದ ಒಳಪದರ ಕಳಚಿ ಬ್ಲೀಡಿಂಗ್ ಆಗುತ್ತೆ, ಅಷ್ಟೇ. ಅದಕ್ಕೆ ಎಗ್ ರಿಲೀಸ್ ಆಗಿರ್ಲೇಬೇಕು ಅಂತಿಲ್ಲ. ನಾನು ಬ್ಲೀಡಿಂಗ್ ಆಯ್ತು ಅಂದ್ರೆ ಎಗ್ಗೂ ಬರ್ತಿದೆ ಅಂದ್ಕೊಂಡು, ಫೋನಲ್ಲಿ ಆ್ಯಪ್ ಹಾಕ್ಕೊಂಡು 14ನೇ ದಿನ ಕಾಯ್ತಾ ಕೂತಿದ್ದೆ. ಆ ಲೆಕ್ಕಾನೂ ತಪ್ಪು ರೀ, ಎಗ್ ರಿಲೀಸ್ ಆಗೋದು ಮುಂದಿನ ಡೇಟ್‌ಗಿಂತ ಸುಮಾರು 14 ದಿನ ಮುಂಚೆ. 28 ದಿನಕ್ಕೆ ಆಗೋರಿಗೆ 14ನೇ ದಿನ ಸರಿ, 50 ದಿನದವರಿಗೆ ಅದು 36ನೇ ದಿನದ ಹತ್ರ ಬರುತ್ತೆ, ಅದೂ ಎಗ್ ರಿಲೀಸ್ ಆದ್ರೆ.

ಕೊನೆಗೆ ಗೈನಕಾಲಜಿಸ್ಟ್ ಮೇಡಂ ಒಬ್ರು ಸ್ಕ್ಯಾನ್ ಮಾಡಿ ಸ್ಕ್ರೀನ್ ನನ್ನ ಕಡೆ ತಿರುಗ್ಸಿದ್ರು. ಅಂಡಾಶಯದ ಅಂಚಿಗೆ ಸಾಲಾಗಿ ಸಣ್ಣ ಸಣ್ಣ ಕಪ್ಪು ಗುಂಡು. "ಇವೆಲ್ಲ ಎಗ್ ಇರೋ ಸಣ್ಣ ಚೀಲ, ಬೆಳೆಯೋಕೆ ಶುರುವಾಗಿ ಅರ್ಧಕ್ಕೆ ನಿಂತಿರೋವು ಕಣಮ್ಮ" ಅಂದ್ರು. ಪಿಸಿಓಎಸ್, ಅಂದ್ರೆ ಹಾರ್ಮೋನ್ ಏರುಪೇರಾಗಿ ಎಗ್ ಸರಿಯಾಗಿ ಬೆಳೆದು ರಿಲೀಸ್ ಆಗದೇ ಇರೋ ತೊಂದ್ರೆ. ಮಾತ್ರೆಯಿಂದ ಆದ ಡೇಟ್ ಯಾವ್ದು, ತಾನಾಗೇ ಆದ್ದು ಯಾವ್ದು ಅಂತ ಕೇಳಿದ್ರೆ ನನ್ನ ಹತ್ರ ಉತ್ತರಾನೇ ಇಲ್ಲ! ನೀವಾದ್ರೂ ಅದನ್ನ ಬೇರೆ ಬೇರೆ ಬರ್ಕೊಂಡು ಹೋಗಿ.

ಹಾಗಾಗಿ "ಮೊದಲು ರೆಗ್ಯುಲರ್, ಆಮೇಲೆ ಮಗು" ಅನ್ನೋದನ್ನ ತಲೆಯಿಂದ ತೆಗೆದುಬಿಡಿ. ನಿಮಗೆ ಬೇಕಿರೋದು ಎಗ್ ರಿಲೀಸ್ ಆಗೋದು, ಕ್ಯಾಲೆಂಡರ್ ನೀಟಾಗಿರೋದಲ್ಲ. 35ರ ಒಳಗಿನವರು ಒಂದು ವರ್ಷ ನೋಡಿ ಆಮೇಲೆ ಡಾಕ್ಟರ್ ಹತ್ರ ಹೋಗಿ ಅಂತಾರಲ್ಲ, ಅದು ಸರಿಯಾಗಿ ಮುಟ್ಟಾಗೋರಿಗೆ, ನೀವು ಈಗ್ಲೇ ಹೋಗ್ಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಎರಡನ್ನೂ ಟೆಸ್ಟ್ ಮಾಡ್ಸಿ, ನಿಮ್ಮ ಯಜಮಾನ್ರ ಸೆಮೆನ್ ಟೆಸ್ಟೂ ಜೊತೆಗೇ ಆಗ್ಲಿ, ನಮ್ಮನೇಲಿ ಅದಕ್ಕೇ ದೊಡ್ಡ ರಂಪ ಆಗಿದ್ದು, ಗಂಡಸಿಗ್ಯಾಕೆ ಟೆಸ್ಟು ಅಂತ. ಗಂಡಸಿನ ಕಡೆ ತೊಂದ್ರೆ ಇರೋದು ಅಪರೂಪ ಏನಲ್ಲ ರೀ.

ನನಗೆ ಕೊಟ್ಟಿದ್ದು ಲೆಟ್ರೋಜೋಲ್, ಡೇಟ್ ಆದ್ಮೇಲೆ 5 ದಿನ. ಗೂಗಲ್ ಮಾಡಿದ್ರೆ ಬ್ರೆಸ್ಟ್ ಕ್ಯಾನ್ಸರ್ ಮಾತ್ರೆ ಅಂತ ಬರುತ್ತೆ, ಗಾಬರಿ ಆಗ್ಬೇಡಿ. ಮಕ್ಕಳಾಗ್ಲಿ ಅಂತ ಇದನ್ನ ಕೊಡೋದನ್ನ ನಮ್ಮ ದೇಶದಲ್ಲಿ 2011ರಲ್ಲಿ ನಿಲ್ಸಿದ್ರು, 2017ರಲ್ಲಿ ಮತ್ತೆ ಬಿಟ್ರು, ಪಿಸಿಓಎಸ್ ಇರೋರಿಗೆ ಎಗ್ ಬೆಳೆಸೋಕೆ ಈಗ ಮೊದಲು ಕೊಡೋದೇ ಇದನ್ನ. ಆದ್ರೆ ನಾನು ಮುಟ್ಟಾಗೋ ಮಾತ್ರೆ ತಂದಂಗೆ ಇದನ್ನ ನೀವೇ ಮೆಡಿಕಲ್ ಶಾಪಿಂದ ತಂದು ನುಂಗ್ಬೇಡಿ, ಮಧ್ಯೆ ಮಧ್ಯೆ ಸ್ಕ್ಯಾನ್ ಮಾಡಿ ಎಗ್ ಸೈಜ್ ನೋಡ್ಬೇಕು. ಎಗ್ ರಿಲೀಸ್ ಆಗೋ ದಿನ ಮನೇಲೇ ನೋಡ್ಕೊಳೋ ಓವ್ಯುಲೇಷನ್ ಕಿಟ್ಟನ್ನೂ ನಂಬ್ಕೋಬೇಡಿ, ಪಿಸಿಓಎಸ್ ಇದ್ರೆ ಅದು ಸುಮ್ಸುಮ್ನೆ ಪಾಸಿಟಿವ್ ತೋರ್ಸಬಹುದು. ಮೊದಲ ಸಲ ನಂಗೆ ಎಗ್ ಬೆಳೀಲೇ ಇಲ್ಲ, ಡೋಸ್ ಜಾಸ್ತಿ ಮಾಡಿದ್ಮೇಲೆ ಬೆಳೀತು, ಮಗಳು ಈಗ ಎಲ್‌ಕೆಜಿ.

ಐವಿಎಫ್ ಆಮೇಲಿನ ಮಾತು. ಎಗ್ ರಿಲೀಸ್ ಆಗ್ತಿಲ್ಲ ಅನ್ನೋದೊಂದೇ ತೊಂದ್ರೆ ಇದ್ದು, ಮಾತ್ರೇನೂ ಕೊಡದೆ ಮೊದಲ ದಿನಾನೇ ಪ್ಯಾಕೇಜ್ ರೇಟ್ ಹೇಳಿದ್ರೆ ಎದ್ದು ಬನ್ನಿ. ಹೋಗ್ಲೇಬೇಕಾಗಿ ಬಂದ್ರೆ, ಐವಿಎಫ್ ಸೆಂಟರ್‌ಗಳಿಗೆ ಅನ್ವಯಿಸೋ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಆ ಸೆಂಟರ್ ರಿಜಿಸ್ಟರ್ ಆಗಿದೆಯಾ ಕೇಳಿ.

ಫೋಲಿಕ್ ಆ್ಯಸಿಡ್ ಈಗಿಂದ್ಲೇ ಶುರು ಮಾಡಿ, ಡಾಕ್ಟರನ್ನ ಕೇಳ್ಕೊಂಡು. ಇನ್ನೊಂದು, ಡೇಟ್ ಲೇಟಾದಾಗ ಮುಟ್ಟಾಗೋ ಮಾತ್ರೆ ತಗೊಳೋ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್ ಮಾಡ್ಕೊಳಿ, ನಮ್ಮಂಥೋರು ಹೇಗಿದ್ರೂ ಲೇಟೇ ಅಲ್ವಾ ಅಂತ ಅದನ್ನೇ ಮರೀತೀವಿ.